ಅತ್ತೆ ಯಾರ ನೆರಳಿನಲ್ಲಿ?

ದಾವಣಗೆರೆ, ಫೆಬ್ರವರಿ ಮೂವತ್ತು, 2219

ನಾನು ಕಾಣದ ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ತೆರಿಗೆಯ ಗಡುವು ಮುಂದೂಡಲೆಂದೇ ನಮ್ಮವರು ಹುಟ್ಟಿಸಿದ ದಿನವಿದು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ತೆರಿಗೆಯ ರಿಟರ್ನ್‌ನಲ್ಲಿ ಅವಲಂಬಿತರೆಂದು ತೋರಿಸುವವರನ್ನು ನಾವು ನೆರಳಿಗರು ಅನ್ನುತ್ತೇವೆ, ಸಾಕುವವರು ಆಸರೆಗಾರರು.

ಈ ಸಲ ನನ್ನ ಸೋದರತ್ತೆ ಗಂಗಾಂಬಿಕೆಯವರನ್ನು ನನ್ನ ನೆರಳಿಗರೆಂದು ತೋರಿಸಿದ್ದೆ. ಎಂಬತ್ತು ದಾಟಿದವರು ಯಾರ ರಿಟರ್ನ್‌ಗೂ ಸೇರದಿದ್ದರೆ ಅವರನ್ನು ಊರಾಚೆಯ ಒಂಟಿವಾಸಕ್ಕೆ ಒಯ್ಯುತ್ತಾರೆ. ನಾನು ಮದುವೆಯಾಗದವನು. ನನಗಿರುವವರು ಅವರೊಬ್ಬರೇ, ಅವರಿಲ್ಲದ ಮನೆಯನ್ನು ನೆನೆಯಲೂ ನನಗೆ ಭಯ. ಹೀಗಿರುವಾಗ ಇಲಾಖೆಯವರು ಊಟನೋಟಕ್ಕೆ ಬರುತ್ತಾರೆಂದು ತಿಳಿಯಿತು. ಅಂದರೆ ಅಧಿಕಾರಿ ಮನೆಯವರ ಪಕ್ಕ ಕೂತು ಉಂಡು, ಯಾರು ಯಾರನ್ನು ಸಾಕುತ್ತಿದ್ದಾರೆಂದು ಕಣ್ಣಾರೆ ನೋಡುವುದು. ಅಡುಗೆಯನ್ನು ಈಗ ಗೋಡೆಯೇ ಮಾಡುತ್ತದೆ, ಬಡಿಸುವುದು ಮಾತ್ರ ಕೈಯಿಂದ. ಬಡಿಸಿದವರು ಆಸರೆಗಾರರು, ಕೂತವರು ನೆರಳಿಗರು. ಚಾಡಿ ಹೇಳಿದ್ದು ಎದುರುಮನೆಯ ಚೆನ್ನವೀರನೇ ಇರಬೇಕು. ಹಿಂದಿನ ದಿನವಷ್ಟೇ ವಿನಾಕಾರಣ ಅತ್ತೆಯ ಆರೋಗ್ಯ ವಿಚಾರಿಸಿದ್ದ.

ಏನೇ ಆದರೂ ಏಳಬೇಡಿ ಎಂದು ಅತ್ತೆಗೆ ಸಾರಿ ಸಾರಿ ಹೇಳಿದ್ದೆ. ಬಂದ ಅಧಿಕಾರಿ ವಿಮಲಾಕ್ಷಿ ತುಂಬಾ ನಗುತ್ತಿದ್ದಳು, ಅದೂ ನನಗೆ ಸರಿಬರಲಿಲ್ಲ. ರೊಟ್ಟಿ ಬಡಿಸಿದೆ, ಪಲ್ಯ ಬಡಿಸಿದೆ. ಅತ್ತೆ ಗೊಂಬೆಯ ಹಾಗೆ ಕೂತಿದ್ದರು. ವಿಮಲಾಕ್ಷಿ ಬೇಕೆಂದೇ ಬೇಗ ಉಂಡು ಬರಿ ತಟ್ಟೆಯಲ್ಲಿ ಬೆರಳಾಡಿಸತೊಡಗಿದಳು. ನಾನು ಅನ್ನ ಬಡಿಸುವ ಮುಂಚೆ ತುಪ್ಪ ಹುಡುಕುತ್ತಿದ್ದೆ. ಅದೆಲ್ಲಿರುತ್ತದೋ ನನಗೆ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಅತ್ತೆ ಎದ್ದು ಆಕೆಗೆ ಅನ್ನ ಬಡಿಸುತ್ತಿದ್ದರು. ನನ್ನ ತಟ್ಟೆಗೂ ಆಗಲೇ ಬಡಿಸಿಯಾಗಿತ್ತು.

“ಏಳಬ್ಯಾಡ ಅಂದ್ರೆ ಹೆಂಗಪ್ಪಾ?” ಅಂದರು. “ಬಂದೋರ ತಟ್ಟೆ ಖಾಲಿ ಐತಿ.”

ಎಲ್ಲಾ ಮುಗಿಯಿತು ಅಂದುಕೊಂಡೆ. ವಿಮಲಾಕ್ಷಿ ನಿಧಾನವಾಗಿ ಉಂಡು, ಕೈ ತೊಳೆದು ತೀರ್ಪು ಕೊಟ್ಟಳು: ಗಂಗಾಂಬಿಕೆಯವರೇ ಆಸರೆಗಾರರು, ಐವತ್ತೆರಡು ವರ್ಷದ ಗುರುಪಾದ, ಅಂದರೆ ನಾನು, ಅವರ ನೆರಳಿಗ. ನೆರಳಿಗನಿರುವ ಆಸರೆಗಾರರನ್ನು ಎಲ್ಲಿಗೂ ಒಯ್ಯುವಂತಿಲ್ಲವಂತೆ. ನನ್ನ ಮೀಸೆ ಮಣ್ಣಾಯಿತು, ಆದರೂ ಅಳು ಬರುವಷ್ಟು ಸಂತೋಷವಾಯಿತು. ಈ ನಿಯಮ ಅತ್ತೆಗೆ ಮೊದಲೇ ಗೊತ್ತಿತ್ತೇನೋ ಎಂಬುದು ನನ್ನ ಈಗಿನ ಗುಮಾನಿ. ಕೇಳಿದರೆ ಮಜ್ಜಿಗೆ ಬೇಕಾ ಅನ್ನುತ್ತಾರೆ.

ನಿಮ್ಮಲ್ಲಿ ಒಂದೇ ಕೋರಿಕೆ. ರಿಟರ್ನ್‌ನಲ್ಲಿ ಮನೆಯ ಹಿರಿಯರನ್ನು ಅವಲಂಬಿತರೆಂದು ತೋರಿಸುವ ಮುಂಚೆ, ಯಾರನ್ನೂ ಕೇಳದೆ ತುಪ್ಪದ ಡಬ್ಬಿ ಹುಡುಕಿ ನೋಡಿ. ನನಗಂತೂ ಇನ್ನೂ ಸಿಕ್ಕಿಲ್ಲ. ಅತ್ತೆ ದಿನಾ ಅದರ ಜಾಗ ಬದಲಿಸುತ್ತಿದ್ದಾರೆಂದು ನನಗೆ ಬಲವಾದ ಅನುಮಾನ.

ಇಂತಿ,
ಅತ್ತೆಯ ನೆರಳಿಗ
ಗುರುಪಾದ