ಒಳಗಿನಿಂದಲೋ, ಹೊರಗಿನಿಂದಲೋ

ಇಳಕಲ್ಲ
೧೪ ನವೆಂಬರ್ ೨೦೨೪

ಬಾದಾಮಿಯಲ್ಲಿರುವ ನನ್ನ ಮಗಳು ಶೀಲಾಗೆ ಅವ್ವನ ಮನಸ್ಸು ತುಂಬಿದ ಆಶೀರ್ವಾದ.

ದಸರೆಗೆ ಬರೆಯುತ್ತೇನೆಂದವಳು ದೀಪಾವಳಿ ದಾಟಿಸಿದೆ, ಸಿಟ್ಟಾಗಬೇಡ. ದಿನಾ ಫೋನಿದೆಯಲ್ಲ ಅಂತೀಯೇನು? ಫೋನು ಹಿಡಿದರೆ ನಿನ್ನ ಅಣ್ಣ, ವೈನಿ ಇಬ್ಬರ ಕಿವಿಯೂ ನನ್ನ ಕಡೆಯೇ ಇರುತ್ತದೆ.

ಮೊಣಕಾಲು ಎರಡೂ ಈಗ ಒಳಕ್ಕೆ ಬಾಗಿ, ನಡೆದರೆ ಒಂದಕ್ಕೊಂದು ತಿಕ್ಕುತ್ತವೆ. ನಿನ್ನ ಅಣ್ಣ ಶಂಕರಲಿಂಗ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋಗಿದ್ದ. ಸವೆದ ಕೀಲು ತೆಗೆದು ಹೊಸದು ಕೂಡಿಸಬೇಕೆಂಬುದರಲ್ಲಿ ಅಲ್ಲಿಯ ಇಬ್ಬರು ಡಾಕ್ಟರದೂ ಒಂದೇ ಮಾತು. ಕೊಯ್ಯುವುದು ಎಲ್ಲಿಂದ ಎಂಬುದರಲ್ಲೇ ತಕರಾರು.

ಹಿರಿಯ ಡಾಕ್ಟರು, "ಒಳಮಗ್ಗಲದಿಂದ ಹೋಗೂಣ್ರಿ ಅಕ್ಕೋರ. ನನ್ನ ಕೈ ಪಳಗಿದ ದಾರಿ ಅದು" ಎಂದರು. ಸಣ್ಣ ವಯಸ್ಸಿನ ಡಾಕ್ಟರಮ್ಮ ಒಪ್ಪಲಿಲ್ಲ. "ಇವರ ಕಾಲು ಹೊರಮಗ್ಗಲಕ ಬಿಗದೈತ್ರಿ ಸರ್, ಒಳಗ ಮೊದಲ ಸಡ್ಲ ಐತಿ. ಅಲ್ಲೇ ಕೊಯ್ದರ ಇನ್ನಷ್ಟು ಸಡ್ಲ ಆಗತೈತಿ. ಹೊರಗಿಂದ ಹೋಗೋದು ಚಲೋ." "ಹೊರಗಿಂದ ಹೋದ್ರ ಹೊಲದು ಮುಚ್ಚೂದು ತ್ರಾಸವ್ವಾ" ಎಂದರು ಹಿರಿಯರು. ಕೊನೆಗೆ ಇಬ್ಬರೂ ನನ್ನ ಮುಖ ನೋಡಿದರು. ಕನ್ನಡಸಾಲಿಯಲ್ಲಿ ಮಕ್ಕಳಿಗೆ ಕಲಿಸಿದ ಅಕ್ಕೋರಿಗೆ ಇದೆಲ್ಲ ಏನು ತಿಳಿಯಬೇಕು ಹೇಳು! ಸೋಮವಾರ ಹೇಳಬೇಕಂತೆ.

ನಾನು ಕೇಳಿದ್ದು ಒಂದೇ: "ಯಾವ ಕಡೆ ಕೊಯ್ದರ ಕಾಲು ಪೂರಾ ಮಡಚತೈತ್ರಿ?"

ಹಿರಿಯರು ನಕ್ಕರು. "ಎರಡರಾಗೂ ಅಷ್ಟಕ್ಕಷ್ಟರೀ. ಕುರ್ಚಿ ಮ್ಯಾಲ ಆರಾಮ ಕುಂಡ್ರತೀರಿ. ಚಕ್ಕಳಮಕ್ಕಳ ಹಾಕೂದು ಮರತಬಿಡ್ರಿ."

ಮನೆಗೆ ಬಂದು ಲಿಂಗಪೂಜೆಗೆ ಹೇಗೆ ಕೂಡಲಿ ಎಂದರೆ ರಾಜಶ್ರೀ, "ಲಿಂಗ ಇರೋದು ನಿಮ್ಮ ಅಂಗೈಯಾಗ ಅತ್ತಿ, ನೆಲದ ಮ್ಯಾಲಲ್ಲ. ಕುರ್ಚಿ ಮ್ಯಾಲೆ ಕುಂತ ಮಾಡ್ರಿ" ಎಂದಳು. ಸೊಸೆಯ ಬಾಯಿ ಜೋರು, ಮಾತು ಮಾತ್ರ ಖರೆ. ನಿನ್ನ ಅಣ್ಣನೋ, "ಅವ್ವ ಕತ್ತರಿಗೆ ಅಂಜ್ಯಾಳ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಅನ್ನಲಿ ಬಿಡು.

ಸಣ್ಣವಳ ಕೆಮ್ಮು ಕಡಿಮೆಯಾಯಿತೇ? ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಬಸವಣ್ಣ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಗುರುಲಿಂಗವ್ವ

ತಾ.ಕ.: ಹೋದ ವರ್ಷ ನಿಮ್ಮ ಅಪ್ಪ ತೀರಿಕೊಂಡಾಗ ನೀನು ಬಂದು ಮುಟ್ಟುವಷ್ಟರಲ್ಲಿ ಅವರನ್ನು ಕೂಡ್ರಿಸಿ ಆಗಿತ್ತು. ನಮ್ಮಲ್ಲಿ ಮಣ್ಣು ಮಾಡುವುದು ಕೂತ ಹಾಗೆಯೇ ಅಲ್ಲವೇ? ಅವರ ಬಲಗಾಲು ಎಷ್ಟೋ ವರ್ಷದಿಂದ ಮಡಚುತ್ತಿರಲಿಲ್ಲ, ನಿನಗೆ ಗೊತ್ತು. ಓಣಿಯ ಗಂಡಸರು ಸೇರಿ ಒತ್ತಿದರು. ಲಟಕ್ಕೆಂದಿತು. "ಹಗೂರಕ, ಅವರಿಗೆ ನೂಸತೈತಿ" ಎಂದು ಕೂಗಿದೆ. ದುಃಖಕ್ಕೆ ತಲೆ ಕೆಟ್ಟಿದೆಯೆಂದು ನನ್ನನ್ನೇ ಹೊರಗೆ ಕರೆದೊಯ್ದರು. ಆ ಸಪ್ಪಳ ಇನ್ನೂ ಕಿವಿಯಲ್ಲಿದೆ ಶೀಲಾ.

ನಾನು ಹೋದಾಗ ನನ್ನ ಹೊಸ ಕಾಲನ್ನು ಯಾರಿಗೂ ಒತ್ತಗೊಡಬೇಡ. ಚಾಚಿಕೊಂಡೇ ಇರಲಿ, ಕುಣಿ ಒಂದಿಷ್ಟು ಅಗಲ ತೋಡಿಸು. ಸೋಮವಾರದೊಳಗೆ ಫೋನು ಮಾಡಿ "ಆತವ್ವಾ" ಎಂದಷ್ಟೇ ಅನ್ನು. ಆಮೇಲೆ ಡಾಕ್ಟರು ಎಲ್ಲಿಂದ ಬೇಕಾದರೂ ಕೊಯ್ಯಲಿ.