ರಕ್ತ ನಂಬಿದ ಅಣ್ಣಗ

ಘತ್ತರಗಿ, ತಾ. ಅಫಜಲಪುರ
೧೯ ನವೆಂಬರ್ ೨೦೨೪

ಪ್ರೀತಿಯ ಕಲ್ಯಾಣಣ್ಣಗ ತಂಗಿ ಸೀಮಾ ಮಾಡುವ ನಮಸ್ಕಾರ.

ಹೈದರಾಬಾದಿನ್ಯಾಗ ಆರಾಮ ಅದಿ ಅಂತ ತಿಳದೀನಿ. ಬೆನ್ನು ನೋವು ಕಡಿಮಿ ಆತೇನು? ವೈನಿ ಹೆಂಗದಾಳ? ನಾ ಇಲ್ಲಿ ಸುಖವಾಗಿದ್ದೀನಂತ ನಿನ್ನ ರಿಪೋರ್ಟೇ ಹೇಳ್ತದ, ಬ್ಯಾರೆ ಬರಿಯೂದೇನದ. ಫೋನ್ ಮಾಡಬಹುದಿತ್ತು, ಆದ್ರ ನಾ ಫೋನ್ ಹಿಡದ್ರ ಅತ್ತಿ ಬಂದು ಬಾಜೂಕ ಕೂಡ್ತಾಳ.

ದಸರಾ ಮುಂದ ನೀ ನಿಮ್ಮ ಸಂಸ್ಥೆ ಮಂದಿನ್ನ ಕರಕೊಂಡು ಬಂದು, ಹೆಣ್ಮಕ್ಕಳು ಏನ್ ಉಣ್ತಾರ ಅಂತ ತಿಳಕೊಳ್ಳಾಕ ರಕ್ತ ತೊಗೊಂಡ್ಯಲ್ಲ, ಅದರ ಸುದ್ದಿ ಬರೀತೇನಿ. ಕೇಳಿದ್ರ ಬಾಯಿ ಸುಳ್ಳು ಹೇಳ್ತದ, ರಕ್ತ ಹೇಳಂಗಿಲ್ಲ ಅಂದಿದ್ದಿ. ನೀ ಬರೂದು ವಾರ ಮೊದ್ಲೇ ಊರಿಗೆಲ್ಲ ಗೊತ್ತಾಗಿತ್ತು ನೋಡು. ರಕ್ತ ನೋಡಿದ್ರ ಮನಿ ಅಡಗಿ ಬಯಲಾಗ್ತದ, ಮರ್ಯಾದಿ ಹೋಗ್ತದಂತ ಓಣ್ಯಾಗಿನ ಅತ್ತೆಂದ್ರೆಲ್ಲ ಸೊಸೆಂದ್ರಿಗೆ ಮೆಂತಿಪಲ್ಯ, ರಾಜಗಿರಿ, ತತ್ತಿ ತಿನಿಸೇ ತಿನಿಸಿದ್ರು. ನಮ್ಮ ಅತ್ತಿ ನಿಂಬೆವ್ವ ನನ್ನ ಗಂಡಸರ ಪಂಕ್ತಿಗೆ ಕೂಡ್ಸಿ ಬಡಿಸಿದಳು. ಈ ಮನಿಗೆ ಬಂದ ಮ್ಯಾಲ ನಾ ಬಿಸಿ ರೊಟ್ಟಿ ಉಂಡಿದ್ದು ಅದೊಂದೇ ವಾರ. ನೀ ಜೀಪ್ ಹತ್ತಿದಿ, ಸಂಜಿಗೆ ನನ್ನ ತಾಟಿನ್ಯಾಗ ಮತ್ತ ತಂಗಳ ರೊಟ್ಟಿ, ಖಾರ.

ನೀ ತೊಗೊಂಡ ರಕ್ತಕ್ಕ ಆ ವಾರದ್ದಷ್ಟೇ ಗೊತ್ತಾಗಿ, ಫೋಲೇಟ್ ಭರಪೂರ ಅದ ಅಂತ ಹೇಳ್ತು. ನೀ ರಿಪೋರ್ಟಿಗೆ ಸಹಿ ಹಾಕಿ ಕಳಿಸಿದಿ. ಅತ್ತಿ ಅದನ್ನ ದೇವರ ಜಗಲಿ ಮ್ಯಾಲ ಇಟ್ಟಾಳ. ಹ್ವಾದ ವರ್ಷ ನನ್ನ ಕೂಸು ಬೆನ್ನು ಮುಚ್ಚದೇ ಹುಟ್ಟಿ ತೀರಿಕೊಂಡಾಗ, ಪಲ್ಯದಾಗಿನ ಇದೇ ಸತ್ವ ತಾಯಿಗೆ ಕಮ್ಮಿ ಬಿದ್ದಿರಬೇಕಂತ ಡಾಕ್ಟರ್ ಹೇಳಿದ್ದು ನೀನೂ ಕೇಳಿದ್ದಿ. ಈಗ ಅತ್ತಿ ಏನಂತಾಳ ಗೊತ್ತೇನು? ಇಕಿ ಅಣ್ಣನೇ ಬರದಾನ, ನಮ್ಮನಿ ಊಟದಾಗ ಕಮ್ಮಿ ಇಲ್ಲ, ಕಮ್ಮಿ ಇರೂದು ಇಕಿ ಹೊಟ್ಟ್ಯಾಗ. ನಮ್ಮನಿಯವರೂ ಹೂಂ ಅಂತಾರ. ಆಶಾ ಕೆಲಸದ ರಮಾಬಾಯಿ ತಂದ ಅದೇ ಸತ್ವದ ಗುಳಿಗಿ, ರಕ್ತದಾಗೇ ಅದ ಅಂದ್ಮ್ಯಾಲ ಯಾಕ ಬೇಕಂತ ಅತ್ತಿ ವಾಪಸ್ ಕಳಿಸಿದಳು. ನಾ ಮುಚ್ಚಿಟಗೊಂಡಿದ್ದನ್ನೂ ಹುಡುಕಿ ತಿಪ್ಪಿಗೆ ಚೆಲ್ಲಿದಳು.

ನನ್ನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದವ ನೀನೇ. ಏನ್ ಉಣ್ಣಾಕತ್ತಿ ಸೀಮಾ ಅಂತ ಒಂದ್ ಮಾತು ಕೇಳ್ಲಿಲ್ಲ. ಅತ್ತಿ ಬಾಗಲದಾಗ ನಿಂತಿದ್ದಳು, ನಾನೂ ಸುಳ್ಳೇ ಹೇಳ್ತಿದ್ದೆ ಬಿಡು. ಆದ್ರ ನನ್ನ ಮಾರಿ ನೋಡಿದ್ರ ನಿನಗ ತಿಳೀತಿತ್ತು. ಒಂದೇ ತಾಟಿನ್ಯಾಗ ಉಂಡು ಬೆಳದವರು ನಾವು. ನೀ ಸೂಜಿ ನೋಡ್ಕೋತ ಕುಂತಿ. ನಿನ್ನ ಮ್ಯಾಲ ಭಾಳ ಸಿಟ್ಟದ ನನಗ, ಅಣ್ಣಾ.

ಭಾಗ್ಯವಂತಿ ತಾಯಿ ನಿನ್ನ ಮನಿ ತಂಪಾಗಿಡಲಿ. ವೈನಿಗೆ ನೆನಸೀನಂತ ಹೇಳು, ಮಕ್ಕಳಿಗೆ ಮುತ್ತು.

ನಿನ್ನ ತಂಗಿ
ಸೀಮಾ

ತಾ.ಕ.: ಟಪಾಲಿಗೆ ಹಾಕ್ತೇನಂತ ರಮಾಬಾಯಿ ಬಂದು ನಿಂತಾಳ, ಲಗೂ ಬರೀತೇನಿ. ನಾ ಮತ್ತ ಬಸುರಾಗೀನಿ. ಅಕಿಗಷ್ಟೇ ಗೊತ್ತು. ನೀ ಬಾ. ಬರ್ತೇನಂತ ಯಾರಿಗೂ ಹೇಳಬ್ಯಾಡ, ಸೂಜಿ ತರಬ್ಯಾಡ. ಎಲ್ಲಾರದೂ ಊಟ ಆದ ಮ್ಯಾಲ ಬಾ, ನಾ ಉಣ್ಣಾಕ ಕೂಡೂ ಹೊತ್ತಿಗೆ.