ಅಮ್ಮಾಜಮ್ಮಕ್ಕನ ಕತ್ತು

೯-೧-೧೯೫೭
ನಮ್ಮ ಗಣಿ ಊರು ಉರಿಗಾಂನಿಂದ ಹೊರಡೋ ರೈಲು ಇವತ್ತೂ ಲೇಟು. ಬಂಗಾರಪೇಟೆ ಸ್ಕೂಲು ಮುಟ್ಟುವಷ್ಟರಲ್ಲಿ ಫಸ್ಟ್ ಪೀರಿಯಡ್ ಅರ್ಧ. ಸಿವಿಕ್ಸ್ ಮೇಷ್ಟ್ರು ಸೀನಪ್ಪನವರು "ಉರಿಗಾಂ ಮಹಾರಾಣಿ ದಯಮಾಡಿಸಿದ್ರು" ಅಂದರು. ಕ್ಲಾಸೆಲ್ಲ ನಕ್ಕಿತು. ಜೋರಾಗಿ ನಕ್ಕವರು ಯಾರು ಅಂತ ನೋಡಿಕೊಂಡಿದ್ದೀನಿ.

ಬೆಳಿಗ್ಗೆ ನಲ್ಲಿ ಹತ್ತಿರ ಪಕ್ಕದ ಮನೆ ಅಮ್ಮಾಜಮ್ಮಕ್ಕ. ಬಿಂದಿಗೆ ಎತ್ತುವಾಗ ಸೆರಗು ಜಾರಿತು. ಕತ್ತಲ್ಲಿ ಚಿನ್ನದ ತಾಳಿ ಇಲ್ಲ! ದಾರಕ್ಕೆ ಬರೀ ಅರಿಶಿನದ ಕೊಂಬು. ನಾನು ನೋಡಿದ್ದು ಗೊತ್ತಾಗಿ ಪಟ್ಟನೆ ಸೆರಗು ಎಳೆದುಕೊಂಡಳು. ಏನೋ ಇದೆ... ಅಮ್ಮನಿಗೆ ಹೇಳಿದರೆ, "ಊರೋರ ಕತ್ತು ನೋಡೋ ಕೆಲ್ಸ ನಿಂಗ್ಯಾಕೆ? ಓಗಿ ಓದ್ಕೋ."

೧೪-೧ — ಸಂಕ್ರಾಂತಿ
ಗಂಗಮ್ಮನ ಗುಡಿ. ದೇವಿಗೆ ಹೊಸ ಕಣ್ಣು, ಚಿನ್ನದ್ದು. ಅಮ್ಮಾಜಮ್ಮಕ್ಕನ ಹರಕೆಯಂತೆ. ಹೋದ ತಿಂಗಳು ಗಣಿಯಲ್ಲಿ ಕಲ್ಲು ಸಿಡಿದು ಅವಳ ಗಂಡ ಆರುಮುಗಂ ಅಣ್ಣನ ಕಣ್ಣಿಗೆ ಬಡಿದಿತ್ತು. ಈಗ ವಾಸಿ. ಆದರೆ ಎಲ್ಲರೂ ಕೊಡೋದು ಬೆಳ್ಳಿ ಕಣ್ಣು. ತಾಳಿಯನ್ನೇ ಮಾರಿಕೊಂಡು ತಿಂದಿರಬೇಕು, ಅಂಥವಳಿಗೆ ಚಿನ್ನದ ಕಣ್ಣು ಎಲ್ಲಿಂದ? ತಾಳಿ ವಿಷಯ ಗೊತ್ತಿಲ್ಲದವರೂ ಚಿನ್ನ ಎಲ್ಲಿಂದ ಬಂತು ಅಂತ ಗುಡಿ ತುಂಬ ಗುಸುಗುಸು. ಎಳ್ಳು ಬೆಲ್ಲ ತಿಂದ ಬಾಯಲ್ಲೇ.

೨೧-೧
ಆರುಮುಗಂ ಅಣ್ಣನನ್ನು ಪೊಲೀಸರು ಹಿಡಿದುಕೊಂಡು ಹೋದರು. ಗಣಿ ಚಿನ್ನ ಕದ್ದ ಅಂತ. ಕೂಲಿಯವನ ಕೈಯಲ್ಲಿ ಚಿನ್ನ ಕಂಡರೆ ಎಲ್ಲಿಂದ ಬಂತು ಅಂತ ಅವನೇ ಲೆಕ್ಕ ಕೊಡಬೇಕಂತೆ. ಗಣಿಯವರ ಲೈನು ಮನೆಗಳಲ್ಲಿ ಎಲ್ಲರ ಬಾಗಿಲೂ ಮುಚ್ಚಿವೆ. ಪೊಲೀಸರಿಗೆ ಹೇಳಿದವರು ಯಾರು? ಪೂಜಾರಿ? ಅಂಗಡಿ ದೊಡ್ಡವೆಂಕಟಪ್ಪ? ಅಪ್ಪ ಊಟಕ್ಕೆ ಕೂತು ತಲೆ ಎತ್ತಲಿಲ್ಲ. ಅಪ್ಪನ ಮೇಲೂ ಅನುಮಾನ ಬಂತು. ಥೂ.

೫-೨
ಸ್ಕೂಲಿನಿಂದ ಟೂರು. ಎಲ್ಲಿಗೆ? ನಮ್ಮೂರ ಕೋರ್ಟಿಗೆ! ಮರದಡಿ ಟೈಪಿನವರು, ಛಾಪಾ ಕಾಗದದವರು, ವರಾಂಡ ತುಂಬ ಕಪ್ಪು ಕೋಟು. ಮೇಷ್ಟ್ರು "ದೊರೆಗಳ ಕಾಲದ ಕಟ್ಟಡ. ಒಳಗೆ ಯಾರೂ ಉಸಿರೆತ್ತಬಾರದು" ಅಂದರು. ಹುಡುಗಿಯರಿಗೆ ಕಡಲೆಕಾಯಿ ಮೇಲೆ ಗಮನ.

ಎರಡನೇ ಕೇಸು — ಆರುಮುಗಂ ಅಣ್ಣ. ಚಿನ್ನ ಎಲ್ಲಿಂದ ಬಂತು ಅಂತ ಅಣ್ಣನ ಕಡೆ ಲಾಯರು ಅಮ್ಮಾಜಮ್ಮಕ್ಕನನ್ನು ಕೇಳಿದರು. ಕಟಕಟೆಯಿಂದ ಅಣ್ಣನೇ ಕೂಗಿದ: "ಸೊಲ್ಲುಡಿ! ಯಾರು ಕೊಟ್ಟಿದ್ದು ಹೇಳೇ!" ಆ ನೋಟ... ಅವಳಿಗೆ ಇನ್ನೊಬ್ಬ ಇದ್ದಾನೆ ಅನ್ನೋ ನೋಟ. ಅವಳು ಸೆರಗನ್ನು ಗದ್ದದವರೆಗೂ ಎಳೆದುಕೊಂಡಳು.

ಆಗ ಹೊಳೆಯಿತು. ತಾಳಿಯನ್ನೇ ಕರಗಿಸಿ ದೇವಿಗೆ ಕಣ್ಣು ಮಾಡಿಸಿದ್ದಾಳೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕೇಸಿಗೆ ಮತ್ತೆ ೧೮ಕ್ಕೆ ವಾಯಿದೆ.

ಅದೇ ದಿನ, ಸಂಜೆ
ಅಮ್ಮಾಜಮ್ಮಕ್ಕನನ್ನು ನಲ್ಲಿ ಹತ್ತಿರ ಹಿಡಿದು ಕೇಳಿದೆ. ಅತ್ತಳು.

"ಗಂಡ ಬದ್ಕಿರೋವಾಗ ತಾಳಿ ತೆಗ್ದೆ ಅಂತ ನಾಕು ಜನದ ಮುಂದೆ ಎಂಗಮ್ಮ ಏಳ್ಲಿ? ಆಸ್ಪತ್ರೇಲಿ ಕಣ್ಣು ಓಯ್ತು ಅಂದ್ಬುಟ್ರು. ಆಗ ತೆಗ್ದೆ. ಜೈಲಿಗೆ ಓದೋನು ಒಂದಿನ ಬತ್ತಾನೆ. ನಾನು ಆ ಅಪಸಕುನದ ಮಾತಾಡಿ, ನಾಳೆ ಗಣಿಗೆ ಇಳಿದೋನು ಮೇಲಕ್ಕೇ ಬರ್ದಿದ್ರೆ?"

"ಅಣ್ಣಂಗಾದ್ರೂ ಹೇಳಕ್ಕಾ."

"ಅವ್ನ ಕಿವಿಗಂತೂ ಬೀಳ್ಲೇಬಾರ್ದು."

ಯಾರಿಗೂ ಹೇಳಬಾರದು ಅಂತ ಗಂಗಮ್ಮನ ಆಣೆ ಹಾಕಿಸಿಕೊಂಡಳು. ಹಾಕಿದೆ.

೧೭-೨
ತಡೆಯಲಾಗಲಿಲ್ಲ. ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಮೊನ್ನೆ ಜೈಲಿಗೆ ಹೋಗಿ ಅಣ್ಣನನ್ನು ನೋಡಿ ಬಂದಿದ್ದರಂತೆ. "ಯಾರವ್ನು, ಯಾರವ್ನು ಅಂತ ಒಂದೇ ಮಾತು ಅವ್ನದು. ಬಿಡುಗಡೆ ಆದ್ರೂ ಆ ಸಂಸಾರ ನಿಲ್ಲಾಕಿಲ್ಲ. ನೀ ಏಳ್ಬೇಕು ಕಣಮ್ಮ." ಮತ್ತೆ ಆಣೆ? ಅಂದೆ. ಅಪ್ಪ ಎದ್ದು ಶಿಫ್ಟಿನ ಬೂಟು ಒರೆಸತೊಡಗಿದರು. ಅಪ್ಪನೂ ಗಣಿಗೆ ಇಳಿಯುವವರೇ.

೧೮-೨, ಕೋರ್ಟು ವರಾಂಡ
ಇಲ್ಲೇ ಪೆನ್ಸಿಲಿನಲ್ಲಿ ಬರೀತಿದ್ದೀನಿ. ನನ್ನ ಹತ್ತಿರ ಒಂದು ಮಾತು ಹೇಳೋದಿದೆ ಅಂತ ಅಪ್ಪ ಅಣ್ಣನ ಲಾಯರಿಗೆ ಹೇಳಿದ್ದಾರೆ. ಪೇದೆ ಜೊತೆ ಆರುಮುಗಂ ಅಣ್ಣ ಈಗ ತಾನೇ ಎದುರಿಗೆ ಹೋದ. ನಿಂತು ಕೇಳಿದ: "ಪಕ್ಕದ್ಮನೇಲೇ ಇದ್ದೀಯಲ್ಲಮ್ಮ. ಯಾರು ಬತ್ತಿದ್ದ? ನಿಂಗೊತ್ತಿರ್ತದೆ."

ಅಮ್ಮಾಜಮ್ಮಕ್ಕ ಆ ಕಂಬದ ಹತ್ತಿರ. ಅವಳಿಗೂ ಕೇಳಿಸಿತು. ಕೈ ಮುಗಿದಳು, ನನಗೆ.

ಲಾಯರು ಕರೀತಿದ್ದಾರೆ. ಹೇಳ್ತೀನಿ. ಹೇಳಲೇಬೇಕು. ಆದರೆ ಇನ್ನು ಮೇಲೆ ಅಣ್ಣ ಶಿಫ್ಟಿಗೆ ಇಳಿದ ಪ್ರತಿ ಸಲ, ಅವನು ಮೇಲೆ ಬರೋವರೆಗೂ ನಾನು —